ಎರಡು ಗ್ರಾಫಿಕ್ಸ್ ಕಾರ್ಡೋ, ಒಂದು ದೊಡ್ಡದೋ: ಗೇಮಿಂಗ್ ಕಂಪ್ಯೂಟರಿಗೆ ಯಾವುದು ಸರಿ?

ಮನೆಯಲ್ಲಿ ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 2080 ಗ್ರಾಫಿಕ್ಸ್ ಕಾರ್ಡು ಇದೆ, ಅದೇ ಮಾದರಿಯ ಇನ್ನೊಂದು ಕಾರ್ಡು ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಗುತ್ತಿದೆ, ತಂದು ಪಕ್ಕಕ್ಕೆ ಸಿಕ್ಕಿಸಿದರೆ ಆಟದ ವೇಗ ಎರಡು ಪಟ್ಟಾಗುತ್ತದಲ್ಲವೇ ಎಂಬುದು ಬಹಳ ಜನರ ಲೆಕ್ಕಾಚಾರ. ಆಗುವುದಿಲ್ಲ. ಇವತ್ತಿನ ಹೆಚ್ಚಿನ ಆಟಗಳಲ್ಲಿ ಆ ಎರಡನೆಯ ಕಾರ್ಡು ಫ್ಯಾನ್ ತಿರುಗಿಸಿಕೊಂಡು ಸುಮ್ಮನೆ ಕೂತಿರುತ್ತದೆ. ಆಟಕ್ಕಾಗಿಯೇ ದುಡ್ಡು ಹಾಕುವುದಾದರೆ ಇರುವ ಬಜೆಟ್ಟನ್ನೆಲ್ಲ ಒಂದೇ ಕಾರ್ಡಿಗೆ ಹಾಕಿ. ಎರಡನೆಯದಕ್ಕೆ ಅದರದ್ದೇ ಬೇರೆ ಕೆಲಸ ಇದ್ದರೆ ಮಾತ್ರ ಕ್ಯಾಬಿನೆಟ್ಟಿನಲ್ಲಿ ಜಾಗ ಕೊಡಬಹುದು. ಅಂಥ ಕೆಲಸಗಳು ಕೆಲವು ನಿಜವಾಗಿಯೂ ಇವೆ, ಅವನ್ನೂ ಮುಂದೆ ನೋಡೋಣ.

ಮೊದಲೇ ಒಂದು ಗೊಂದಲ ಬಿಡಿಸಿಬಿಡಬೇಕು. ಲ್ಯಾಪ್‌ಟಾಪಿನ ಟಾಸ್ಕ್ ಮ್ಯಾನೇಜರ್ ತೆರೆದಾಗ ಜಿಪಿಯು (ಗ್ರಾಫಿಕ್ಸ್ ಚಿಪ್) 0, ಜಿಪಿಯು 1 ಎಂದು ಎರಡು ಕಾಣುವುದು ಬೇರೆ ವಿಷಯ. ಅಲ್ಲಿ ಪ್ರೊಸೆಸರ್ ಒಳಗಿನ ಸಣ್ಣ ಗ್ರಾಫಿಕ್ಸ್ ಒಂದು, ಪ್ರತ್ಯೇಕ ಚಿಪ್ ಇನ್ನೊಂದು. ಅವು ಪಾಳಿ ಹಂಚಿಕೊಂಡಿರುತ್ತವೆಯೇ ಹೊರತು ಒಂದೇ ಆಟವನ್ನು ಸೇರಿ ನಡೆಸುವುದಿಲ್ಲ. ಇಲ್ಲಿ ಹೇಳುತ್ತಿರುವುದು ಡೆಸ್ಕ್‌ಟಾಪ್ ಮದರ್‌ಬೋರ್ಡಿನ ಎರಡು ಉದ್ದ ಸ್ಲಾಟುಗಳಲ್ಲಿ ಎರಡು ಕಾರ್ಡು ಕೂರಿಸುವ ವಿಚಾರ.

ಎರಡು ಕಾರ್ಡು ಸೇರಿ ಆಟ ನಡೆಸುವುದು ಯಾಕೆ ನಿಂತುಹೋಯಿತು

1998ರಲ್ಲಿ 3ಡಿಎಫ್‌ಎಕ್ಸ್ ಕಂಪನಿಯ ವೂಡೂ2 ಕಾರ್ಡುಗಳು ಪರದೆಯ ಗೆರೆಗಳನ್ನೇ ಹಂಚಿಕೊಳ್ಳುತ್ತಿದ್ದವು: ಒಂದು ಗೆರೆ ಇದಕ್ಕೆ, ಮುಂದಿನದು ಅದಕ್ಕೆ. ಎಸ್‌ಎಲ್‌ಐ ಎಂಬ ಹೆಸರು ಹುಟ್ಟಿದ್ದು ಅಲ್ಲಿ. ಆ ಕಂಪನಿಯ ಆಸ್ತಿಯನ್ನು ಕೊಂಡ ಎನ್‌ವಿಡಿಯಾ 2004ರಲ್ಲಿ ಅದೇ ಮೂರಕ್ಷರವನ್ನು ಬೇರೆ ತಂತ್ರಕ್ಕೆ ಇಟ್ಟಿತು. ಮರುವರ್ಷ, ಮುಂದೆ ಎಎಂಡಿಯ ಪಾಲಾದ ಎಟಿಐ ಕಂಪನಿ ಕ್ರಾಸ್‌ಫೈರ್ ತಂದಿತು. ಇವೆರಡೂ ಹೆಚ್ಚಾಗಿ ನೆಚ್ಚಿಕೊಂಡಿದ್ದು ಫ್ರೇಮುಗಳ, ಅಂದರೆ ಪರದೆಯ ಮೇಲೆ ಒಂದರ ಹಿಂದೊಂದು ಬರುವ ಚಿತ್ರಗಳ, ಸರದಿಯನ್ನು: ಒಂದನೆಯ ಫ್ರೇಮ್ ಮೊದಲ ಕಾರ್ಡಿಗೆ, ಎರಡನೆಯದು ಎರಡನೆಯದಕ್ಕೆ, ಮೂರನೆಯದು ಮತ್ತೆ ಮೊದಲನೆಯದಕ್ಕೆ.

ಈ ಏರ್ಪಾಡಿಗೂ ಒಳ್ಳೆಯ ಕಾಲ ಇತ್ತು. 2014ರಲ್ಲಿ ಜಿಟಿಎಕ್ಸ್ 970 ಅಮೆರಿಕದಲ್ಲಿ 329 ಡಾಲರಿಗೆ, ಜಿಟಿಎಕ್ಸ್ 980 ಅಲ್ಲಿ 549 ಡಾಲರಿಗೆ ಬಂದಾಗ, ನೂರು ಡಾಲರ್ ಚಿಲ್ಲರೆ ಹೆಚ್ಚು ಕೊಟ್ಟು 970 ಜೋಡಿ ಕೊಂಡವರು ಹೊಂದುವ ಆಟಗಳಲ್ಲಿ 980ನ್ನು ಸಲೀಸಾಗಿ ಹಿಂದೆ ಹಾಕುತ್ತಿದ್ದರು. ಆಗ ಕೊಟ್ಟ ಸಲಹೆ ಆಗಿನ ಮಟ್ಟಿಗೆ ಸರಿಯಾಗಿಯೇ ಇತ್ತು. ಇಂದಿಗೂ ಹುಡುಕಿದರೆ ಅದೇ ಸಲಹೆ ಮೊದಲು ಸಿಗುತ್ತದೆ ಎಂಬುದೇ ತೊಂದರೆ.

ಸರದಿಯ ಏರ್ಪಾಡು ನಡೆಯಬೇಕಾದರೆ ಒಂದು ಫ್ರೇಮಿಗೆ ಇನ್ನೊಂದರ ಹಂಗು ಇರಬಾರದು. ಹೊಸ ಗೇಮ್ ಎಂಜಿನ್‌ಗಳಲ್ಲಿ ಆ ಹಂಗು ಎಲ್ಲ ಕಡೆಯೂ ಇದೆ. ಅಂಚುಗಳನ್ನು ನಯಗೊಳಿಸುವ ಟಿಎಎ ಹಿಂದಿನ ಫ್ರೇಮಿನ ಚಿತ್ರವನ್ನು ಬಳಸುತ್ತದೆ. ಸಣ್ಣದಾಗಿ ಬಿಡಿಸಿದ ಚಿತ್ರವನ್ನು ದೊಡ್ಡದು ಮಾಡುವ ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್‌ನ ಈಚಿನ ಆವೃತ್ತಿಗಳು, ಬೆಳಕಿನ ಕಿರಣಗಳನ್ನು ಲೆಕ್ಕ ಹಾಕುವ ರೇ ಟ್ರೇಸಿಂಗಿನಲ್ಲಿ ಚಿತ್ರದ ಚುಕ್ಕೆಚುಕ್ಕೆ ನಾಯ್ಸ್ ತೆಗೆಯುವ ಹಂತ, ಎಲ್ಲವೂ ಹಿಂದಿನ ಫ್ರೇಮುಗಳ ಮಾಹಿತಿಯ ಮೇಲೇ ನಿಂತಿವೆ. ಹಿಂದಿನ ಫ್ರೇಮ್ ಇರುವುದು ಪಕ್ಕದ ಕಾರ್ಡಿನ ಮೆಮೊರಿಯಲ್ಲಿ. ಅದು ಮುಗಿಯುವವರೆಗೆ ಕಾಯಬೇಕು, ಮುಗಿದ ಮೇಲೆ ಈಚೆಗೆ ಸಾಗಿಸಿಕೊಳ್ಳಬೇಕು. ಆ ಹೊತ್ತಿಗೆ ಗಳಿಸಿದ ಸಮಯವೆಲ್ಲ ಕೈಬಿಟ್ಟಿರುತ್ತದೆ.

ಇದರ ಜೊತೆಗೆ ಜವಾಬ್ದಾರಿಯೂ ಕೈ ಬದಲಾಯಿಸಿತು. ಆಟ ಮತ್ತು ಕಾರ್ಡಿನ ನಡುವಿನ ಕೊಂಡಿಯಾದ ಡೈರೆಕ್ಟ್‌ಎಕ್ಸ್‌ನ 11ನೆಯ ಆವೃತ್ತಿಯವರೆಗೆ ಪ್ರತಿ ಆಟಕ್ಕೂ ಎಸ್‌ಎಲ್‌ಐ ಪ್ರೊಫೈಲ್ (ಕೆಲಸ ಹಂಚುವ ಸೂಚನೆ) ಬರೆದು ಡ್ರೈವರಿನಲ್ಲಿ ಸೇರಿಸುತ್ತಿದ್ದವರು ಕಾರ್ಡಿನ ಕಂಪನಿಯವರು. ಡೈರೆಕ್ಟ್‌ಎಕ್ಸ್ 12 ಮತ್ತು ಅಂಥದೇ ಇನ್ನೊಂದಾದ ವಲ್ಕನ್‌ನಲ್ಲಿ ಆ ಕೆಲಸ ಆಟ ಬರೆಯುವವರ ತಲೆಗೆ ಬಿತ್ತು. ಎರಡು ಕಾರ್ಡಿಟ್ಟ ಬೆರಳೆಣಿಕೆಯ ಗ್ರಾಹಕರಿಗಾಗಿ ತಿಂಗಳುಗಟ್ಟಲೆ ದುಡಿಯಲು ಸ್ಟುಡಿಯೋಗಳು ಮುಂದಾಗಲಿಲ್ಲ. 2021ರ ಜನವರಿ 1ರಿಂದ ಆರ್‌ಟಿಎಕ್ಸ್ 20 ಮತ್ತು ಅದಕ್ಕಿಂತ ಹಳೆಯ ಕಾರ್ಡುಗಳಿಗೆ ಹೊಸ ಪ್ರೊಫೈಲ್ ಸೇರಿಸುವುದನ್ನು ಎನ್‌ವಿಡಿಯಾ ನಿಲ್ಲಿಸಿತು. ಹಾಗಾಗಿ ಆಮೇಲೆ ಬಂದ ಆಟಗಳ ಮಟ್ಟಿಗೆ ಎರಡನೆಯ ಕಾರ್ಡು ಇಲ್ಲವೆಂದೇ ಲೆಕ್ಕ. ಶಾಡೋ ಆಫ್ ದ ಟೂಂಬ್ ರೈಡರ್, ಸ್ನೈಪರ್ ಎಲೀಟ್ 4, ಸ್ಟ್ರೇಂಜ್ ಬ್ರಿಗೇಡ್, ವಲ್ಕನ್‌ನಲ್ಲಿ ನಡೆಸಿದರೆ ರೆಡ್ ಡೆಡ್ ರಿಡೆಂಪ್ಷನ್ 2, ಇಂಥ ಕೆಲವೇ ಆಟಗಳಲ್ಲಿ ಆಟದೊಳಗೇ ಬೆಂಬಲ ಇದೆ. ಸೈಬರ್‌ಪಂಕ್ 2077ರಲ್ಲಿ ಇಲ್ಲ.

ಸರಾಸರಿ ಎಫ್‌ಪಿಎಸ್ ಹೇಳದ ಸಂಗತಿ

ಬೆಂಬಲ ಇರುವ ಆಟದಲ್ಲೂ ಕಣ್ಣಿಗೆ ಕಾಣುವುದು ಬೇರೆ, ಪರದೆಯ ಮೂಲೆಯ ಎಫ್‌ಪಿಎಸ್ ಸಂಖ್ಯೆ ಹೇಳುವುದು ಬೇರೆ. ಅರವತ್ತು ಎಫ್‌ಪಿಎಸ್ ಎಂದರೆ ಸೆಕೆಂಡಿಗೆ ಅರವತ್ತು ಫ್ರೇಮ್, ಅಂದರೆ ಪ್ರತಿ 16.7 ಮಿಲಿಸೆಕೆಂಡಿಗೆ ಒಂದು ಫ್ರೇಮ್ ಬರಬೇಕು. ಎರಡು ಕಾರ್ಡುಗಳ ತಾಳ ತಪ್ಪಿದಾಗ ಒಂದು ಫ್ರೇಮ್ 5 ಮಿಲಿಸೆಕೆಂಡಿಗೇ ಬಂದು, ಮುಂದಿನದು 28 ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ. ಎರಡೂ ಸೇರಿ 33 ಮಿಲಿಸೆಕೆಂಡು, ಎರಡು ಫ್ರೇಮ್. ಸರಾಸರಿ ಅದೇ ಅರವತ್ತು. ಆದರೆ ಕಣ್ಣು ಹಿಡಿಯುವುದು ಆ 28ರ ತಡೆಯನ್ನು, ಅಂದರೆ ಸುಮಾರು 36 ಎಫ್‌ಪಿಎಸ್‌ನ ಆಟವನ್ನು. ಇದನ್ನೇ ಮೈಕ್ರೋ ಸ್ಟಟರ್ ಎನ್ನುವುದು. ಎಎಂಡಿ 2013ರಲ್ಲಿ ಫ್ರೇಮುಗಳ ಅಂತರ ಸರಿಹೊಂದಿಸುವ ಡ್ರೈವರ್ ತರಬೇಕಾಗಿ ಬಂದದ್ದು ಇದೇ ದೂರಿಗಾಗಿ. ಸಮಸ್ಯೆ ತಗ್ಗಿತು, ಪೂರ್ತಿ ಹೋಗಲಿಲ್ಲ.

ಮೌಸ್ ಅಲುಗಿಸಿದಾಗ ಪರದೆ ಸ್ಪಂದಿಸುವ ವೇಗವೂ ಇದರಿಂದ ಹೆಚ್ಚುವುದಿಲ್ಲ. ಪ್ರತಿ ಕಾರ್ಡೂ ತನ್ನ ಫ್ರೇಮಿಗೆ 33 ಮಿಲಿಸೆಕೆಂಡು ತೆಗೆದುಕೊಳ್ಳುತ್ತಲೇ ಇರುತ್ತದೆ, ಎರಡು ಒಟ್ಟಿಗೆ ನಡೆಯುತ್ತಿರುತ್ತವೆ ಅಷ್ಟೆ. ನಿಜವಾದ 60 ಎಫ್‌ಪಿಎಸ್ ಕೊಡುವ ಒಂದೇ ಕಾರ್ಡಿನಲ್ಲಿ ಗುರಿಯಿಡುವುದಕ್ಕೂ ಈ ಜೋಡಿಯ 60ರಲ್ಲಿ ಗುರಿಯಿಡುವುದಕ್ಕೂ ಇರುವ ವ್ಯತ್ಯಾಸ ಶೂಟಿಂಗ್ ಆಟ ಆಡುವವರಿಗೆ ಕೂಡಲೇ ತಿಳಿಯುತ್ತದೆ.

ಮೆಮೊರಿ ವಿಷಯದಲ್ಲಿ ಮೋಸ ಹೋಗುವವರೇ ಹೆಚ್ಚು. 8 ಜಿಬಿಯ ಎರಡು ಕಾರ್ಡು ಸೇರಿದರೆ ಆಟಕ್ಕೆ ಸಿಗುವುದು 16 ಅಲ್ಲ, 8 ಜಿಬಿಯೇ. ಎರಡೂ ಅದೇ ದೃಶ್ಯವನ್ನು ಬಿಡಿಸಬೇಕಾದ್ದರಿಂದ ಅವೇ ಟೆಕ್ಸ್‌ಚರುಗಳ (ವಸ್ತುಗಳ ಮೇಲ್ಮೈ ಚಿತ್ರಗಳ) ಪ್ರತಿ ಎರಡರಲ್ಲೂ ಇರಬೇಕು. ಜಾಹೀರಾತಿನಲ್ಲಿ 8 + 8 = 16 ಎಂದು ಬರೆದಿದ್ದರೆ ಅದನ್ನು ನಂಬಿ ದುಡ್ಡು ಕೊಡಬೇಡಿ.

ಯಾವ ಕಾರ್ಡಿನಲ್ಲಿ ಜೋಡಿ ಸಾಧ್ಯ

ಎನ್‌ವಿಡಿಯಾದ 10ರ ಸಾಲಿನಲ್ಲಿ ಜಿಟಿಎಕ್ಸ್ 1070, 1070 ಟಿಐ, 1080, 1080 ಟಿಐ ಕಾರ್ಡುಗಳಿಗೆ ಎರಡನ್ನೂ ಬೆಸೆಯುವ ಬ್ರಿಡ್ಜ್ ಕೂರುವ ಜಾಗ ಇದೆ. 1060ಕ್ಕೆ ಇಲ್ಲ, 1650 ಮತ್ತು 1660ಕ್ಕೂ ಇಲ್ಲ. 20ರ ಸಾಲಿನಲ್ಲಿ 2070 ಸೂಪರ್, 2080, 2080 ಸೂಪರ್, 2080 ಟಿಐಗೆ ಎನ್‌ವಿಲಿಂಕ್ ಎಂಬ ಬೇರೆ ಬಗೆಯ ಬ್ರಿಡ್ಜ್ ಇದೆ. 2060ಕ್ಕೂ ಸಾದಾ 2070ಕ್ಕೂ ಇಲ್ಲ. 30ರ ಸಾಲಿನಲ್ಲಿ 3090 ಮತ್ತು 3090 ಟಿಐ ಬಿಟ್ಟರೆ ಯಾವುದಕ್ಕೂ ಇಲ್ಲ. 40 ಮತ್ತು 50ರ ಸಾಲಿನಲ್ಲಿ ಒಂದಕ್ಕೂ ಇಲ್ಲ. ಎಎಂಡಿಯಲ್ಲಿ ಆರ್‌ಎಕ್ಸ್ 570, 580 ಬ್ರಿಡ್ಜ್ ಇಲ್ಲದೆಯೇ ಮದರ್‌ಬೋರ್ಡ್ ಮೂಲಕ ಜೋಡಿಯಾಗುತ್ತವೆ. 2019ರ ಆರ್‌ಎಕ್ಸ್ 5700 ಬರುವಷ್ಟರಲ್ಲಿ ಕ್ರಾಸ್‌ಫೈರ್ ಕೈಬಿಟ್ಟಾಗಿತ್ತು. ಅಂದಹಾಗೆ, 4060 ಎರಡು ಹಾಕಿದರೆ 4080ರಷ್ಟು ಬರುತ್ತದೆ ಎಂದು ಯಾರಾದರೂ ಹೇಳಿದರೆ ಅದಕ್ಕೆ ತಂತ್ರಾಂಶದಲ್ಲೂ ದಾರಿ ಇಲ್ಲ, ಯಂತ್ರಾಂಶದಲ್ಲೂ ದಾರಿ ಇಲ್ಲ.

ಜಿಟಿಎಕ್ಸ್ 10ರ ಸಾಲಿಗೆ ಇನ್ನೊಂದು ತೊಡಕು ಸೇರಿಕೊಂಡಿದೆ. ಮಾಮೂಲಿ ಗೇಮ್ ಡ್ರೈವರ್ ಆ ಕಾರ್ಡುಗಳಿಗೆ 2025ರ ಅಕ್ಟೋಬರಿಗೆ ಮುಗಿಯಿತು. ಇನ್ನು 2028ರ ಅಕ್ಟೋಬರಿನವರೆಗೆ ಮೂರು ತಿಂಗಳಿಗೊಮ್ಮೆ ಭದ್ರತೆಯ ಪರಿಷ್ಕರಣೆ ಮಾತ್ರ. ಈಗ ಎರಡನೆಯ 1080ಕ್ಕೆ ದುಡ್ಡು ಹಾಕುವುದೆಂದರೆ ದಾರಿ ಮುಗಿದ ಕಡೆ ಗಾಡಿ ಕೊಂಡಂತೆ.

ಮೊದಲಿನ ಪ್ರಶ್ನೆಗೇ ಬರೋಣ: 2080ಕ್ಕೆ ಇನ್ನೊಂದು 2080 ಸೇರಿಸಬೇಕೋ, ಅದನ್ನು ಮಾರಿ ಆರ್‌ಟಿಎಕ್ಸ್ 4070 ಮಟ್ಟದ ಒಂದು ಕಾರ್ಡು ತರಬೇಕೋ? ಜೋಡಿಯ ವಿದ್ಯುತ್ ಬಳಕೆ 215 + 215, ಒಟ್ಟು 430 ವಾಟ್. 4070ರದ್ದು 200. ಜೋಡಿಗೆ ಬಳಕೆಯಾಗುವ ಮೆಮೊರಿ 8 ಜಿಬಿ, ಅದಕ್ಕೆ 12. ಎಸ್‌ಎಲ್‌ಐ ಚೆನ್ನಾಗಿ ಒಗ್ಗುವ ನಾಲ್ಕಾರು ಹಳೆಯ ಆಟಗಳಲ್ಲಿ ಜೋಡಿ ಸಮಕ್ಕೆ ಬರಬಹುದು, ಸ್ವಲ್ಪ ಮುಂದೆಯೂ ಹೋಗಬಹುದು. ಉಳಿದ ಆಟಗಳಲ್ಲೆಲ್ಲ ನೀವು ಆಡುವುದು ಒಂದೇ 2080ರಲ್ಲಿ. ದಿನಕ್ಕೆ ನಾಲ್ಕು ಗಂಟೆ ಆಡಿದರೆ ಆ 230 ವಾಟ್ ವ್ಯತ್ಯಾಸ ತಿಂಗಳಿಗೆ ಸುಮಾರು 28 ಯೂನಿಟ್ ಆಗುತ್ತದೆ. ನಿಮ್ಮ ಸ್ಲ್ಯಾಬ್ ದರಕ್ಕೆ ಗುಣಿಸಿ ನೋಡಿ. ಇಷ್ಟಾದ ಮೇಲೂ ಬ್ರಿಡ್ಜ್ ಬೇರೆ ಹುಡುಕಬೇಕು. 2018ರಲ್ಲಿ ಅದರ ಬೆಲೆಯೇ 79 ಡಾಲರ್ ಇತ್ತು, ಈಗ ಹೊಸದು ಸಿಗುವುದೇ ಕಷ್ಟ. ಸಿಕ್ಕರೂ ನಿಮ್ಮ ಬೋರ್ಡಿನ ಎರಡು ಸ್ಲಾಟುಗಳ ನಡುವಿನ ಅಂತರಕ್ಕೆ ಸರಿಯಾದ ಅಳತೆಯದ್ದೇ ಆಗಬೇಕು. ಮೂರು ಸ್ಲಾಟಿನದು ನಾಲ್ಕಕ್ಕೆ ಎಟುಕುವುದಿಲ್ಲ.

ಬೋರ್ಡು, ಎಸ್‌ಎಂಪಿಎಸ್, ಶಾಖ

ಎರಡನೆಯ ಕಾರ್ಡು ಯಾವ ಕೆಲಸಕ್ಕೇ ಬರಲಿ, ಈ ಭಾಗ ತಪ್ಪಿದರೆ ಉಳಿದದ್ದೆಲ್ಲ ವ್ಯರ್ಥ. ಮದರ್‌ಬೋರ್ಡಿನಲ್ಲಿ ಎರಡು ಉದ್ದ ಸ್ಲಾಟ್ ಕಂಡ ಮಾತ್ರಕ್ಕೆ ಎರಡಕ್ಕೂ 16 ಲೇನ್ (ಮಾಹಿತಿ ಸಾಗುವ ಹಾದಿ) ಸಿಗುವುದಿಲ್ಲ. ಸಾಮಾನ್ಯ ಪ್ರೊಸೆಸರುಗಳಲ್ಲಿ ಗ್ರಾಫಿಕ್ಸ್‌ಗೆ ಮೀಸಲಾದ ಪಿಸಿಐ ಎಕ್ಸ್‌ಪ್ರೆಸ್ ಲೇನ್ ಒಟ್ಟು 16. ದುಬಾರಿ ಬೋರ್ಡುಗಳು ಇದನ್ನು 8 ಮತ್ತು 8 ಎಂದು ಒಡೆಯುತ್ತವೆ. ಅಗ್ಗದವುಗಳಲ್ಲಿ ಕೆಳಗಿನ ಸ್ಲಾಟ್ ಚಿಪ್‌ಸೆಟ್ಟಿನಿಂದ 4 ಲೇನ್, ಕೆಲವೊಮ್ಮೆ ಒಂದೇ ಲೇನ್ ಪಡೆಯುತ್ತದೆ. ಎಸ್‌ಎಲ್‌ಐಗೆ ಎರಡೂ ಸ್ಲಾಟಿನಲ್ಲಿ ಕನಿಷ್ಠ 8 ಬೇಕು, ಇಲ್ಲದಿದ್ದರೆ ಡ್ರೈವರ್ ಆ ಆಯ್ಕೆಯನ್ನೇ ತೋರಿಸುವುದಿಲ್ಲ. ಕೆಲವು ಬೋರ್ಡುಗಳಲ್ಲಿ ಎರಡನೆಯ ಎಂ.2 ಎಸ್‌ಎಸ್‌ಡಿ ಹಾಕಿದರೆ ಕೆಳಗಿನ ಸ್ಲಾಟ್ ಬಂದ್ ಆಗುತ್ತದೆ. ಮ್ಯಾನ್ಯುಯಲ್‌ನಲ್ಲಿ ಸ್ಲಾಟುಗಳ ಪಟ್ಟಿಯ ಕೆಳಗಿನ ಸಣ್ಣ ಅಕ್ಷರಗಳಲ್ಲಿ ಇದು ಇರುತ್ತದೆ; ಓದದೆ ಕೊಂಡವರು ಕಾರ್ಡು ಸತ್ತಿದೆ ಎಂದುಕೊಂಡು ಅಂಗಡಿಗೆ ಓಡಾಡುತ್ತಾರೆ.

ಎಷ್ಟು ಲೇನ್ ಸಿಗುತ್ತಿದೆ ಎಂದು ಜಿಪಿಯು-ಝಡ್ ತಂತ್ರಾಂಶದಲ್ಲಿ ನೋಡಬಹುದು. ಬಸ್ ಇಂಟರ್‌ಫೇಸ್ ಎಂಬ ಸಾಲಿನ ಪಕ್ಕದ ಪ್ರಶ್ನೆಚಿಹ್ನೆ ಒತ್ತಿ, ರೆಂಡರ್ ಟೆಸ್ಟ್ ಶುರು ಮಾಡಿ ನೋಡಬೇಕು. ಕಾರ್ಡು ಬಿಡುವಾಗಿದ್ದಾಗ ವಿದ್ಯುತ್ ಉಳಿಸಲು ಲಿಂಕ್ ತಾನೇ ಕೆಳಗಿಳಿದಿರುತ್ತದೆ, ಆಗ ಕಾಣುವ ಸಂಖ್ಯೆ ನಂಬಿ ಗಾಬರಿಯಾಗಬೇಡಿ.

ಕಂಪ್ಯೂಟರಿಗೆ ವಿದ್ಯುತ್ ಹಂಚುವ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ನ ಲೆಕ್ಕ ಹೀಗೆ: 250 ವಾಟಿನ ಎರಡು ಕಾರ್ಡು, ಪ್ರೊಸೆಸರಿಗೆ 125, ಫ್ಯಾನ್, ಡಿಸ್ಕ್, ಬೋರ್ಡಿಗೆ 75, ಒಟ್ಟು 700. ಕಾರ್ಡುಗಳು ಕ್ಷಣಮಾತ್ರ ಇದಕ್ಕಿಂತ ಎಷ್ಟೋ ಹೆಚ್ಚು ಎಳೆಯುವುದರಿಂದ ಒಳ್ಳೆಯ ಕಂಪನಿಯ 1000 ವಾಟಿನದು ಬೇಕು. ಎಂಟು ಪಿನ್ನಿನ ಒಂದು ಸಂಪರ್ಕಕ್ಕೆ ನಿಗದಿಯಾದದ್ದು 150 ವಾಟ್. ಒಂದೇ ಕೇಬಲ್ಲಿನ ತುದಿಯಲ್ಲಿ ಎರಡು ಕನೆಕ್ಟರ್ ಇದ್ದರೂ ಅವೆರಡನ್ನೂ ಒಂದೇ ದೊಡ್ಡ ಕಾರ್ಡಿಗೆ ಹಾಕಬೇಡಿ, ಎರಡು ಬೇರೆ ಕೇಬಲ್ ಎಳೆಯಿರಿ. ಕೇಬಲ್ ಸಾಲದೆಂದು ಇನ್ನೊಂದು ಎಸ್‌ಎಂಪಿಎಸ್‌ನ ಮಾಡ್ಯುಲರ್ ಕೇಬಲ್ ಸಿಕ್ಕಿಸುವುದಂತೂ ಕೂಡದು. ಕಾರ್ಡಿನ ಕಡೆಯ ಪಿನ್ನುಗಳು ಒಂದೇ ಥರ ಇದ್ದರೂ ಎಸ್‌ಎಂಪಿಎಸ್ ಕಡೆಯ ಜೋಡಣೆ ಕಂಪನಿಯಿಂದ ಕಂಪನಿಗೆ ಬೇರೆ. ಆನ್ ಮಾಡಿದ ಕ್ಷಣಕ್ಕೇ ಕಾರ್ಡು ಸುಟ್ಟುಹೋಗಬಹುದು.

ನಮ್ಮ ಕಡೆ ಮನೆಗಳಲ್ಲಿ ಕಂಪ್ಯೂಟರಿಗೆ ಇಟ್ಟಿರುವ 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವಾಟಿನದು. ಒಂದು 200 ವಾಟಿನ ಕಾರ್ಡಿಗೇ ಅದು ಅಂಚಿನಲ್ಲಿ ನಿಂತಿರುತ್ತದೆ. ಜೋಡಿ ಹಾಕಿ ಆಡುವಾಗ ಕರೆಂಟ್ ಹೋದರೆ ಯುಪಿಎಸ್ ಕೀ ಎಂದು ಕೂಗಿ ಆ ಕ್ಷಣವೇ ಆಫ್ ಆಗುತ್ತದೆ.

ಶಾಖದಲ್ಲಿ ಪೆಟ್ಟು ತಿನ್ನುವುದು ಯಾವಾಗಲೂ ಮೇಲಿನ ಕಾರ್ಡು. ಅದರ ಫ್ಯಾನು ಎಳೆದುಕೊಳ್ಳುವುದು ಕೆಳಗಿನ ಕಾರ್ಡಿನ ಬೆನ್ನಿಗೆ ತಾಗಿ ಬಂದ ಬಿಸಿ ಗಾಳಿಯನ್ನು. ಈಗಿನ ಕಾರ್ಡುಗಳು ಎರಡೂವರೆಯಿಂದ ಮೂರು ಸ್ಲಾಟ್ ದಪ್ಪ. ನಡುವೆ ಒಂದು ಸ್ಲಾಟಿನಷ್ಟಾದರೂ ಖಾಲಿ ಬಿಡಲು ಆಗದಿದ್ದರೆ ಮೇಲಿನದು ಕ್ಲಾಕ್ (ಕೆಲಸದ ವೇಗ) ತಗ್ಗಿಸಿಕೊಳ್ಳುತ್ತದೆ, ಸರದಿಯಲ್ಲಿ ಕೆಳಗಿನದೂ ಅದಕ್ಕಾಗಿ ಕಾಯುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಕೋಣೆಯೇ 40 ಡಿಗ್ರಿ ಆಸುಪಾಸಿರುವಾಗ ಎಸಿ ಇಲ್ಲದೆ ಈ ಜೋಡಿ ಪೂರ್ಣ ವೇಗದಲ್ಲಿ ಓಡುವುದಿಲ್ಲ.

ಎರಡನೆಯ ಕಾರ್ಡಿಗೆ ಬೇರೆ ಕೆಲಸ ಕೊಡುವುದಾದರೆ

ಈಚಿನ ವರ್ಷಗಳಲ್ಲಿ ಎರಡು ಕಾರ್ಡಿನ ಮಾತು ಮತ್ತೆ ಎದ್ದಿರುವುದು ಸ್ಟೀಮ್‌ನಲ್ಲಿ ಸಿಗುವ ಲಾಸ್‌ಲೆಸ್ ಸ್ಕೇಲಿಂಗ್ ಎಂಬ ತಂತ್ರಾಂಶದಿಂದ. ಇದರಲ್ಲಿ ಆಟವನ್ನು ಪೂರ್ತಿ ಬಿಡಿಸುವುದು ದೊಡ್ಡ ಕಾರ್ಡೇ. ಸಿದ್ಧವಾದ ಫ್ರೇಮುಗಳನ್ನು ಪಡೆದು ಅವುಗಳ ನಡುವೆ ಹೊಸ ಫ್ರೇಮುಗಳನ್ನು ಹೆಣೆಯುವುದು ಸಣ್ಣ ಕಾರ್ಡಿನ ಕೆಲಸ. ಎರಡೂ ಒಂದೇ ಮಾದರಿಯದಾಗಬೇಕಿಲ್ಲ, ಬ್ರಿಡ್ಜ್ ಬೇಡ, ಒಂದು ಎನ್‌ವಿಡಿಯಾ ಇನ್ನೊಂದು ಎಎಂಡಿ ಆದರೂ ನಡೆಯುತ್ತದೆ. ಇದಕ್ಕಾಗಿ ಹೊಸ ಕಾರ್ಡು ಕೊಳ್ಳಿ ಎಂದು ಹೇಳುವುದಿಲ್ಲ. ಅಪ್‌ಗ್ರೇಡ್ ಮಾಡಿದ ಮೇಲೆ ಹಳೆಯದು ಮಾರಾಟಕ್ಕೂ ಬೆಲೆ ಬಾಳದೆ ಉಳಿದಿದ್ದರೆ ಪ್ರಯತ್ನಿಸಿ.

ಜೋಡಣೆಯಲ್ಲಿ ಒಂದು ಹೆಜ್ಜೆಯನ್ನು ಬಹಳ ಜನ ತಪ್ಪುತ್ತಾರೆ: ಮಾನಿಟರಿನ ಕೇಬಲ್ಲನ್ನು ಸಣ್ಣ ಕಾರ್ಡಿಗೆ ಹಾಕಬೇಕು. ದೊಡ್ಡದಕ್ಕೆ ಹಾಕಿದರೆ ಫ್ರೇಮ್ ಆಚೆ ಹೋಗಿ ಮತ್ತೆ ಈಚೆ ಬರಬೇಕಾಗುತ್ತದೆ, ತಡ ಹೆಚ್ಚಿ ಆಟ ತೊದಲುತ್ತದೆ. ಆಮೇಲೆ ವಿಂಡೋಸ್ 11ರ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್‌ಗೆ ಹೋಗಿ ಹೆಚ್ಚು ಸಾಮರ್ಥ್ಯದ ಜಿಪಿಯು ಎಂದು ದೊಡ್ಡ ಕಾರ್ಡನ್ನು ಆರಿಸಿ. ಲಾಸ್‌ಲೆಸ್ ಸ್ಕೇಲಿಂಗಿನೊಳಗೆ ಪ್ರಿಫರ್ಡ್ ಜಿಪಿಯು ಎಂದು ಸಣ್ಣದನ್ನು ಕೊಡಿ. ಆಟವನ್ನು ಬಾರ್ಡರ್‌ಲೆಸ್ ವಿಂಡೋದಲ್ಲಿ ನಡೆಸಿ. 144 ಹರ್ಟ್ಸ್ ಮಾನಿಟರಾದರೆ ಆಟದ ಫ್ರೇಮನ್ನು 72ಕ್ಕೆ ಕಟ್ಟಿ, ಎರಡು ಪಟ್ಟು ಆರಿಸಿ. ಮೂಲ ಫ್ರೇಮ್ 40ಕ್ಕಿಂತ ಕೆಳಗಿದ್ದರೆ ಪಾತ್ರದ ಸುತ್ತ ಗಾಳಿ ನಡುಗಿದಂತೆ ಕಾಣುತ್ತದೆ, ಪರದೆಯ ಮೇಲಿನ ಅಂಕಿಗಳು ಕಲಸಿಹೋಗುತ್ತವೆ. ಈ ತಂತ್ರಾಂಶಕ್ಕೆ ಸಿಗುವುದು ಚಿತ್ರ ಮಾತ್ರ. ಯಾವ ವಸ್ತು ಎತ್ತ ಚಲಿಸುತ್ತಿದೆ ಎಂಬ ಮಾಹಿತಿ ಆಟದಿಂದ ಬರುವುದಿಲ್ಲ. ಹಾಗಾಗಿ ಆಟದಲ್ಲೇ ಡಿಎಲ್‌ಎಸ್‌ಎಸ್ ಅಥವಾ ಎಫ್‌ಎಸ್‌ಆರ್ ಫ್ರೇಮ್ ಜನರೇಷನ್ ಇದ್ದರೆ ಗುಣಮಟ್ಟದಲ್ಲಿ ಅದೇ ಮೇಲು.

ಸ್ಲಾಟಿನ ಲೇನ್ ಸಾಕಾಗುತ್ತದೆಯೇ ಎಂದು ಕಾಗದದ ಮೇಲೇ ತಿಳಿಯಬಹುದು. 2560 × 1440 ಗಾತ್ರದ ಒಂದು ಫ್ರೇಮ್, ಪಿಕ್ಸೆಲ್ಲಿಗೆ 4 ಬೈಟಿನಂತೆ, ಸುಮಾರು 14.7 ಎಂಬಿ. ಸೆಕೆಂಡಿಗೆ 72 ಫ್ರೇಮ್ ಸಾಗಿಸಲು ಸುಮಾರು 1.06 ಜಿಬಿ. ಮೂರನೆಯ ಪೀಳಿಗೆಯ ಪಿಸಿಐ ಎಕ್ಸ್‌ಪ್ರೆಸ್‌ನ 4 ಲೇನ್ ಸೆಕೆಂಡಿಗೆ ಸುಮಾರು 3.9 ಜಿಬಿ ಸಾಗಿಸುತ್ತದೆ, ಧಾರಾಳ. ಅದೇ 4ಕೆಯಲ್ಲಿ ಒಂದು ಫ್ರೇಮ್ 33 ಎಂಬಿ. 100 ಫ್ರೇಮ್ ಕಳಿಸಹೊರಟರೆ 3.3 ಜಿಬಿ, ಸ್ಲಾಟ್ ಅಲ್ಲೇ ಉಸಿರುಗಟ್ಟುತ್ತದೆ. ಒಂದೇ ಲೇನಿನ ಸ್ಲಾಟಿನಲ್ಲಿ ಇದರ ಯೋಚನೆಯೇ ಬೇಡ. ಆರ್‌ಎಕ್ಸ್ 6400ರಂಥ ಕಾರ್ಡಿಗೆ ಇರುವುದೇ 4 ಲೇನ್, ಹಳೆಯ ಬೋರ್ಡಿನಲ್ಲಿ ಆ ಲೇನುಗಳ ವೇಗ ಅರ್ಧವಾಗುತ್ತದೆ ಎಂಬುದೂ ನೆನಪಿರಲಿ.

ಹೊಸ ಎನ್‌ವಿಡಿಯಾ ಕಾರ್ಡಿನ ಜೊತೆ ಜಿಟಿಎಕ್ಸ್ 10ರ ಸಾಲಿನ ಹಳೆಯದನ್ನು ಇಡಹೊರಟವರಿಗೆ ಒಂದು ಎಚ್ಚರಿಕೆ. ಎರಡಕ್ಕೂ ಒಂದೇ ಡ್ರೈವರ್. 580ರ ಸಾಲಿನ ಡ್ರೈವರಿನ ನಂತರ ಹಳೆಯದಕ್ಕೆ ಬೆಂಬಲವಿಲ್ಲ, ಹಾಗಾಗಿ ಹೊಸ ಕಾರ್ಡನ್ನೂ ಅಲ್ಲೇ ನಿಲ್ಲಿಸಬೇಕಾಗುತ್ತದೆ. ಹಳೆಯದು ಎಎಂಡಿಯದಾದರೆ ಈ ಸಮಸ್ಯೆ ಇಲ್ಲ.

ಆಟದಲ್ಲಿ ಹೊಗೆ, ಬಟ್ಟೆ, ಚೂರುಗಳ ಚಲನೆ ಲೆಕ್ಕ ಹಾಕುವ ಫಿಸ್‌ಎಕ್ಸ್‌ಗಾಗಿ ಎರಡನೆಯ ಕಾರ್ಡು ಇಡುವುದು ಆರ್‌ಟಿಎಕ್ಸ್ 50 ಇದ್ದವರಿಗೆ ಮಾತ್ರ ಸಂಬಂಧಿಸಿದ ಮಾತು. ಆ ಸಾಲು ಫಿಸ್‌ಎಕ್ಸ್‌ಗೆ ಬೇಕಾದ 32 ಬಿಟ್ ಕುಡಾ (ಕಾರ್ಡಿನಲ್ಲಿ ಲೆಕ್ಕ ನಡೆಸುವ ವ್ಯವಸ್ಥೆ) ಬೆಂಬಲ ಕೈಬಿಟ್ಟಿದ್ದರಿಂದ ಕೆಲವು ಹಳೆಯ ಆಟಗಳು ಕುಂಟತೊಡಗಿದವು. ಮುಂದೆ ಡ್ರೈವರಿನಲ್ಲಿ ಆಯ್ದ ಆಟಗಳಿಗೆ ಬೆಂಬಲ ಮರಳಿತು, ಈಗ ಇದಕ್ಕಾಗಿ ಖರ್ಚು ಮಾಡುವ ಅಗತ್ಯ ಬಹಳ ಕಡಿಮೆ. ಯೂಟ್ಯೂಬಿನಲ್ಲಿ ನೇರಪ್ರಸಾರ ಮಾಡಲು ಬೇರೆ ಕಾರ್ಡು ಬೇಕೇ? ಬೇಡ. ವಿಡಿಯೊ ಎನ್‌ಕೋಡ್ ಮಾಡಲು ಅದೇ ಕಾರ್ಡಿನೊಳಗೆ ಪ್ರತ್ಯೇಕ ಘಟಕ ಇದೆ. ಫ್ರೇಮನ್ನು ಪಕ್ಕದ ಕಾರ್ಡಿಗೆ ನಕಲಿಸುವುದೇ ಹೆಚ್ಚಿನ ಹೊರೆ.

ಆಟದ ಜೊತೆ ಕೆಲಸವೂ ಇದ್ದವರ ಲೆಕ್ಕ ಬೇರೆಯೇ. 3ಡಿ ಚಿತ್ರ ತಯಾರಿಸುವ ಬ್ಲೆಂಡರ್ ತಂತ್ರಾಂಶದ ಸೈಕಲ್ಸ್ ಎಂಜಿನ್‌ನಲ್ಲಿ ಎರಡು ಕಾರ್ಡು ಹಾಕಿದರೆ ರೆಂಡರ್ ಸಮಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಯಾಕೆಂದರೆ ಅಲ್ಲಿ ಒಂದರ ಫಲಿತಾಂಶಕ್ಕಾಗಿ ಇನ್ನೊಂದು ಕಾಯಬೇಕಿಲ್ಲ. ದೃಶ್ಯ ಮಾತ್ರ ಪ್ರತಿ ಕಾರ್ಡಿನ ಮೆಮೊರಿಯಲ್ಲೂ ಹಿಡಿಯಬೇಕು. ಮನೆಯಲ್ಲೇ ಭಾಷಾ ಮಾದರಿ ನಡೆಸುವವರಿಗೆ ಮೆಮೊರಿಯೂ ಕೂಡುತ್ತದೆ: ಲಾಮಾ.ಸಿಪಿಪಿಯಂಥ ತಂತ್ರಾಂಶ ಮಾದರಿಯ ಪದರಗಳನ್ನು ಎರಡು ಕಾರ್ಡಿಗೆ ಹಂಚುವುದರಿಂದ 12 ಜಿಬಿಯ ಎರಡು ಆರ್‌ಟಿಎಕ್ಸ್ 3060 ಸೇರಿ 24 ಜಿಬಿಯಾಗಿ ಬಳಕೆಗೆ ಬರುತ್ತವೆ. ಇಂಥವರು ಎರಡು ಕಾರ್ಡು ಕೊಳ್ಳುವುದರಲ್ಲಿ ಅರ್ಥವಿದೆ. ಆಟಕ್ಕೆ ಅವುಗಳಲ್ಲಿ ಒಂದೇ ದುಡಿಯುತ್ತದೆ ಎಂದು ತಿಳಿದು ಕೊಂಡರಾಯಿತು.

ಸೆಕೆಂಡ್ ಹ್ಯಾಂಡ್ ಕೊಳ್ಳುವ ಮುನ್ನ

ಒಂದೇ ಕಾರ್ಡಾಗಲಿ ಎರಡಾಗಲಿ, ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲೋ ಆನ್‌ಲೈನ್‌ನಲ್ಲೋ ಹಳೆಯದು ಕೊಳ್ಳುವಾಗ ಕಾರ್ಡನ್ನು ಓಡುವ ಕಂಪ್ಯೂಟರಿನಲ್ಲಿ ಹಾಕಿಸಿ ನೋಡದೆ ದುಡ್ಡು ಕೊಡಬೇಡಿ. ಜಿಪಿಯು-ಝಡ್ ತೆರೆದು ಶೇಡರ್ (ಚಿಪ್ಪಿನೊಳಗಿನ ಲೆಕ್ಕದ ಘಟಕ) ಸಂಖ್ಯೆ ನೋಡಿ. ಆರ್‌ಎಕ್ಸ್ 580 ಎಂದು ಮಾರುವ ಕಾರ್ಡಿನಲ್ಲಿ 2304 ಇರಬೇಕು. 2048 ಕಂಡರೆ ಅದು ಕಡಿಮೆ ದರ್ಜೆಯ ಆವೃತ್ತಿ, ಬೆಲೆ ಇಳಿಸಲು ಕೇಳಿ. ಕ್ರಿಪ್ಟೊ ಗಣಿಗಾರಿಕೆಯಲ್ಲಿ ದುಡಿದ ಕಾರ್ಡುಗಳಲ್ಲಿ ಬಯೋಸ್ ಬದಲಾಯಿಸಿರುವುದು ಉಂಟು, ಅಂಥವು ಡೆಸ್ಕ್‌ಟಾಪಿನಲ್ಲಿ ಚೆನ್ನಾಗಿದ್ದು ಆಟ ಶುರುವಾದ ಕೂಡಲೇ ಕಪ್ಪು ಪರದೆ ತೋರಿಸುತ್ತವೆ.

ಆಮೇಲೆ ಯೂನಿಜಿನ್ ಸೂಪರ್‌ಪೊಸಿಷನ್‌ನಂಥ ಪರೀಕ್ಷೆಯನ್ನು ಅರ್ಧ ಗಂಟೆ ಓಡಿಸಿ. ಐದು ನಿಮಿಷ ಸಾಲದು. ಹೀಟ್‌ಸಿಂಕ್ ಬಿಸಿಯೇರುವುದಕ್ಕೇ ಅಷ್ಟು ಹೊತ್ತು ಬೇಕು. ಜಿಪಿಯು ತಾಪಕ್ಕೂ ಹಾಟ್‌ಸ್ಪಾಟ್ (ಚಿಪ್ಪಿನ ಅತಿ ಬಿಸಿ ಜಾಗ) ತಾಪಕ್ಕೂ 25 ಡಿಗ್ರಿಗಿಂತ ಹೆಚ್ಚು ಅಂತರವಿದ್ದರೆ ಒಳಗಿನ ಪೇಸ್ಟ್ ಒಣಗಿದೆ, ಇಲ್ಲವೇ ಹೀಟ್‌ಸಿಂಕ್ ಸರಿಯಾಗಿ ಕೂತಿಲ್ಲ ಎಂಬ ಅನುಮಾನ ಬರಬೇಕು. 3090 ಆದರೆ ಎಚ್‌ಡಬ್ಲ್ಯೂಇನ್ಫೊ ತಂತ್ರಾಂಶದಲ್ಲಿ ಮೆಮೊರಿ ಜಂಕ್ಷನ್ (ಮೆಮೊರಿ ಚಿಪ್ಪಿನ ಒಳಗಿನ) ತಾಪವನ್ನೂ ನೋಡಿ: ಅದರ ಹಿಂಬದಿಯಲ್ಲೂ ಮೆಮೊರಿ ಚಿಪ್ಪುಗಳಿವೆ, 110 ಡಿಗ್ರಿ ಮುಟ್ಟಿದರೆ ಕಾರ್ಡು ತಾನೇ ವೇಗ ಇಳಿಸುತ್ತದೆ. ಥರ್ಮಲ್ ಪ್ಯಾಡ್ ಬದಲಿಸಿ ಇದನ್ನು ಸರಿಪಡಿಸಬಹುದು, ಆದರೆ ಆ ಖರ್ಚನ್ನು ಬೆಲೆ ಮಾತಾಡುವಾಗಲೇ ಕಳೆಯಬೇಕು. ಪರದೆಯಲ್ಲಿ ಬಣ್ಣದ ಚುಕ್ಕೆಗಳು, ಅಲುಗದ ಚೌಕಗಳು ಒಮ್ಮೆ ಕಂಡರೂ ಸಾಕು, ಆ ಕಾರ್ಡನ್ನು ಅಲ್ಲೇ ಬಿಟ್ಟು ಬನ್ನಿ.